ಹಾಫ್ ಬಾಯ್ಲ್ ಎಂದರೆ ಯಾರ ಹಾಫ್, ಎಲ್ಲಿಯ ಬಾಯ್ಲ್?

ಸದಸ್ಯ ಬಂಧುಗಳಿಗೆ ಒಂದು ಪ್ರಶ್ನೆ ಕೇಳಿಯೇ ಆರಂಭಿಸುತ್ತೇವೆ. ನಿಮ್ಮ ಕೈಗೆ ಬಂದ ಆರ್ಡರ್ ಚೀಟಿಯಲ್ಲಿ ‘ಹಾಫ್ ಬಾಯ್ಲ್ 150, ಫುಲ್ ಬಾಯ್ಲ್ 50’ ಎಂದು ಬರೆದಿದ್ದರೆ ನೀವು ಒಲೆಯ ಮೇಲೆ ಏನಿಡುತ್ತೀರಿ? ನೀರಿನ ಪಾತ್ರೆಯನ್ನೋ, ಕಾವಲಿಯನ್ನೋ? ನೀರಿನ ಪಾತ್ರೆ ಎಂದವರು ಮುಂಬಯಿ, ಪುಣೆ ಅಥವಾ ದೆಹಲಿಯ ಸದಸ್ಯರಿರಬೇಕು. ಕಾವಲಿ ಎಂದವರು ಚೆನ್ನೈಯಲ್ಲಿ ನಾಲ್ಕು ದಿನವಾದರೂ ಧಂದೆ ಮಾಡಿದವರು. ಇಬ್ಬರೂ ತಪ್ಪಲ್ಲ. ಆದರೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ನಾವು 2018ರಲ್ಲಿ ಕೈಯಿಂದ ದುಡ್ಡು ಕೊಟ್ಟು ಕಲಿತೆವು.

ಮುಂಬಯಿಯಲ್ಲಿ ನಾವು ಕ್ಯಾಂಟೀನ್ ನಡೆಸುತ್ತಿದ್ದ ಒಂದು ಕಂಪನಿಯವರು ಆ ವರ್ಷ ತಮ್ಮ ವಾರ್ಷಿಕ ಸಭೆಯನ್ನು ಚೆನ್ನೈಯಲ್ಲಿ ಇಟ್ಟುಕೊಂಡರು. ಊಟ ತಿಂಡಿ ನಿಮ್ಮದೇ ಇರಲಿ ಎಂದು ಪ್ರೀತಿಯಿಂದಲೇ ಕರೆದರು. ನಾವು ಹನ್ನೊಂದು ಮಂದಿಯನ್ನು ಕಟ್ಟಿಕೊಂಡು ರೈಲು ಹತ್ತಿದೆವು. ಬೆಳಗಿನ ತಿಂಡಿಯ ಪಟ್ಟಿಯನ್ನು ಕಳಿಸಿದವರು ಅವರ ಚೆನ್ನೈ ಆಫೀಸಿನವರು. ಇಡ್ಲಿ, ವಡೆ, ಪೊಂಗಲ್, ದೋಸೆ, ಬ್ರೆಡ್ಡು ಬೆಣ್ಣೆ, ಕೊನೆಯಲ್ಲಿ ಹಾಫ್ ಬಾಯ್ಲ್, ಫುಲ್ ಬಾಯ್ಲ್. ಪಟ್ಟಿ ಮೊಬೈಲಿಗೆ ಬಂತು, ನಾವು ಅದನ್ನು ಹಾಗೆಯೇ ಚೀಟಿಗೆ ಇಳಿಸಿ ಮೊಟ್ಟೆ ನೋಡಿಕೊಳ್ಳುವ ಅಡುಗೆಯವರ ಕೈಗೆ ಕೊಟ್ಟೆವು. ಕುಂದಾಪುರ ಕಡೆಯವರು, ನಮ್ಮಲ್ಲಿ ಹಲವು ವರ್ಷಗಳಿಂದ ಇದ್ದವರು, ಎದುರು ಮಾತಾಡಿದವರಲ್ಲ. ಅವರು ಏಳು ಟ್ರೇ ಮೊಟ್ಟೆ, ಅಂದರೆ 210, ತರಿಸಿದರು. ಇನ್ನೂರು ಚೀಟಿಯದು, ಹತ್ತು ಒಡೆದರೆ ಇರಲಿ ಎಂದು. ಬೆಳಿಗ್ಗೆ ಆರೂವರೆಗೆ ಎರಡು ದೊಡ್ಡ ಪಾತ್ರೆ ನೀರು ಕುದಿಸಿ, ಒಂದರಲ್ಲಿ ಐದು ನಿಮಿಷ, ಇನ್ನೊಂದರಲ್ಲಿ ಹತ್ತು ನಿಮಿಷ, ಗಡಿಯಾರ ನೋಡಿ ಬೇಯಿಸಿ ತಣ್ಣೀರಿಗೆ ಹಾಕಿಟ್ಟರು. ಉಳಿದ ಹತ್ತನ್ನೂ ಬಿಡಲಿಲ್ಲ, ಯಾರಾದರೂ ಹೆಚ್ಚು ಕೇಳಿದರೆ ಇರಲಿ ಎಂದು ಬೇಯಿಸಿಬಿಟ್ಟರು. ಅಂದರೆ ಅಡುಗೆಮನೆಯಲ್ಲಿ ಹಸಿ ಮೊಟ್ಟೆ ಎಂಬುದು ಒಂದೂ ಉಳಿಯಲಿಲ್ಲ.

ಎಂಟು ಗಂಟೆಗೆ ಜನ ತಟ್ಟೆ ಹಿಡಿದು ಬಂದರು. ಹಾಫ್ ಬಾಯ್ಲ್ ಎಲ್ಲಿ ಎಂದರು. ನಮ್ಮ ಹುಡುಗ ಚಿಪ್ಪಿನ ಸಮೇತ ಮೊಟ್ಟೆ ತೋರಿಸಿದ. ಅವರು ನಕ್ಕರು. ತಮಾಷೆ ಎಂದುಕೊಂಡಿರಬೇಕು. ಒಬ್ಬರು ಸುಲಿದು ನೋಡಿದರು, ಹಳದಿ ಕೈಮೇಲೆ, ಅಂಗಿಯ ತೋಳಿನ ಮೇಲೆ ಹರಿಯಿತು. ಚೆನ್ನೈ ಆಫೀಸಿನವರು ಓಡಿ ಬಂದು, ಹಾಫ್ ಬಾಯ್ಲ್ ಎಂದರೆ ಕಾವಲಿಯ ಮೇಲೆ ಒಡೆದು ಹಾಕಿ, ಮಗುಚದೆ, ಹಳದಿ ಹಾಗೆಯೇ ಅಲುಗಾಡುವಂತೆ ತೆಗೆಯುವುದಲ್ಲವೇ, ಇಷ್ಟೂ ತಿಳಿಯದೇ ಎಂದು ಕೂಗಾಡಿದರು. ಫುಲ್ ಬಾಯ್ಲ್ ಎಂದರೆ ಅದನ್ನೇ ಮಗುಚಿ ಹಳದಿಯನ್ನೂ ಗಟ್ಟಿ ಮಾಡುವುದು. ಅಂದರೆ ನಮ್ಮ ಬುಲ್ಸ್‌ಐ, ಮುಂಬಯಿಯ ಹಾಫ್ ಫ್ರೈ! ಆಟೋದಲ್ಲಿ ಹುಡುಗನನ್ನು ಕಳಿಸಿ ಮೊಟ್ಟೆ ತರಿಸಿದೆವು. ಆಗ ಇನ್ನೊಂದು ಕಷ್ಟ. ಕಾವಲಿ ಇದ್ದದ್ದು ಒಂದೇ, ಅದು ದೋಸೆಯದು. ಬಂದವರಲ್ಲಿ ಶಾಕಾಹಾರಿಗಳು ಬಹಳ ಮಂದಿ. ದೋಸೆ ಕಾವಲಿಯ ಮೇಲೆಯೇ ಒಡೆದು ಹಾಕಿ ಎಂದು ಕಂಪನಿಯವರು ಹೇಳಿದಾಗ ನಮ್ಮ ಅಡುಗೆಯವರು ಸಟ್ಟುಗ ಕೆಳಗಿಟ್ಟು ಆಗುವುದಿಲ್ಲ ಎಂದರು. ಇನ್ನೊಂದು ಕಾವಲಿ ಹುಡುಕಿ ತರುವಷ್ಟರಲ್ಲಿ ಒಂಬತ್ತು ಹೊಡೆದಿತ್ತು, ಜನ ಸಭೆಗೆ ಹೋಗಿಯಾಗಿತ್ತು.

ಆ ದಿನದ ತಿಂಡಿಯ ಅಷ್ಟೂ ಹಣವನ್ನು ಬಿಲ್ಲಿನಿಂದ ಮುರಿದುಕೊಂಡರು. ಅದು ಹೋಗಲಿ, ಧಂದೆಯಲ್ಲಿ ಲಾಭ ನಷ್ಟ ಇದ್ದದ್ದೇ. ನಮಗೆ ಇಂದಿಗೂ ಕುಟುಕುವುದು ಬೇರೆ. ಕಂಪನಿಯವರ ಎದುರು ಮುಖ ಉಳಿಸಿಕೊಳ್ಳಲು ನಾವು ಆ ಅಡುಗೆಯವರನ್ನು ಎಲ್ಲ ಹುಡುಗರ ಮುಂದೆ ಬೈದೆವು. ಅವರು ಏನೂ ಹೇಳಲಿಲ್ಲ. ವಾಪಸು ಬರುವಾಗ, ರೈಲು ಗುಂತಕಲ್ ದಾಟಿದ ಮೇಲೆ, ಊಟದ ಪೊಟ್ಟಣ ಬಿಚ್ಚುತ್ತಾ ಮೆಲ್ಲಗೆ ಅಂದರು: “ಅಣ್ಣಾ, ಚೀಟಿಯಲ್ಲಿ ಬಾಯ್ಲ್ ಅಂತ ಇತ್ತು, ಬೇಯಿಸಿದೆ. ಬುಲ್ಸ್‌ಐ ಅಂತ ಬರೆದಿದ್ದರೆ ಕಾವಲಿ ಇಡುತ್ತಿದ್ದೆ.”

ನಮ್ಮಲ್ಲಿ ಉತ್ತರವಿರಲಿಲ್ಲ. ಚೀಟಿ ಬರೆದವರು ನಾವು. ಕೇಳಬೇಕಾಗಿದ್ದವರೂ ನಾವೇ.

ಈ ಕಥೆಯನ್ನು ಈಗ ಹೇಳಲು ಕಾರಣವಿದೆ. ಇತ್ತೀಚೆಗೆ ಒಂದು ಮದುವೆ ಮನೆಯಲ್ಲಿ ಸಮಾನ ವೃತ್ತಿಯ ನಾಲ್ಕಾರು ಮಂದಿ ಸೇರಿದ್ದಾಗ ಮಾತು ಇತ್ತ ತಿರುಗಿತು. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಅಪ್ಪನ ಕೇಟರಿಂಗ್ ಸೇರಿದ ತರುಣರೊಬ್ಬರು, “ಹಾಫ್ ಫ್ರೈ, ಹಾಫ್ ಬಾಯ್ಲ್ ಎಲ್ಲ ತಪ್ಪು ಇಂಗ್ಲಿಷ್ ಅಂಕಲ್. ಎಲ್ಲರೂ ಸನ್ನಿ ಸೈಡ್ ಅಪ್ ಅಂತ ಬರೆಯಬೇಕು. ಸಂಘದಿಂದಲೇ ಒಂದು ಸರ್ಕ್ಯುಲರ್ ಕಳಿಸಿ” ಎಂದರು. ಅಲ್ಲಿದ್ದ ಹೆಚ್ಚಿನವರು ಹೌದು ಹೌದು ಎಂದು ತಲೆಯಾಡಿಸಿದರು. ನಾವು ಅಲ್ಲಿ ಸುಮ್ಮನಿದ್ದೆವು, ಮದುವೆ ಮನೆಯಲ್ಲಿ ವಾದ ಬೇಡವೆಂದು. ಇಲ್ಲಿ ಹೇಳುತ್ತೇವೆ. ಆ ತರುಣರ ಉದ್ದೇಶ ಒಳ್ಳೆಯದು, ಸಲಹೆ ಮಾತ್ರ ನಮಗೆ ಒಪ್ಪಿಗೆಯಿಲ್ಲ.

ಮೊದಲು ಈ ಹೆಸರುಗಳು ಏನು ಹೇಳುತ್ತವೆ ನೋಡೋಣ. ಪ್ರಪಂಚದ ಬಹುಪಾಲು ಜನ ಈ ಪದಾರ್ಥವನ್ನು ಕಣ್ಣಿನಿಂದ ನೋಡಿ ಹೆಸರಿಟ್ಟಿದ್ದಾರೆ. ಬಿಳಿಯ ನಡುವೆ ದುಂಡಗಿನ ಹಳದಿ ಕಂಡರೆ ಯಾರಿಗಾದರೂ ನೆನಪಾಗುವುದು ಕಣ್ಣೇ. ಇಂಡೊನೇಷ್ಯಾದವರು ತೆಲೂರ್ ಮಾತಾ ಸಾಪಿ ಎನ್ನುತ್ತಾರೆ. ತೆಲೂರ್ ಎಂದರೆ ಮೊಟ್ಟೆ, ಮಾತಾ ಎಂದರೆ ಕಣ್ಣು, ಸಾಪಿ ಎಂದರೆ ದನ. ನಮ್ಮ ಬುಲ್ಸ್‌ಐಗೂ ಅದಕ್ಕೂ ಕೂದಲೆಳೆಯ ಅಂತರ. ಜಪಾನಿನವರ ಮೆದಾಮಾಯಾಕಿಯಲ್ಲಿಯೂ ಇರುವುದು ಕಣ್ಣುಗುಡ್ಡೆಯೇ. ಜರ್ಮನರಿಗೆ ಅದು ಕನ್ನಡಿಯಂತೆ ಹೊಳೆದು ಕಂಡಿತು, ಅವರ ಹೆಸರಿನ ಅರ್ಥ ಕನ್ನಡಿ ಮೊಟ್ಟೆ. ಅಮೆರಿಕದವರಿಗೆ ಸೂರ್ಯ ಕಂಡ, ಅದರಿಂದ ಸನ್ನಿ ಸೈಡ್ ಅಪ್. ಎಲ್ಲ ಸುಂದರ ಹೆಸರುಗಳು. ಕರ್ನಾಟಕ, ಕೇರಳಗಳ ಹೋಟೆಲುಗಳಲ್ಲಿ ಬುಲ್ಸ್‌ಐ ಎಂದರೆ ಸಣ್ಣ ಮಗುವಿಗೂ ಗೊತ್ತು. ಆದರೆ ಇವು ತಟ್ಟೆಯಲ್ಲಿ ಕೂತ ಮೊಟ್ಟೆಯ ರೂಪವನ್ನು ಹೇಳುತ್ತವೆಯೇ ಹೊರತು ಒಲೆಯ ಮುಂದೆ ನಿಂತವನು ಏನು ಮಾಡಬೇಕೆಂದು ಹೇಳುವುದಿಲ್ಲ. ಸೂರ್ಯ ಮೇಲಕ್ಕಿರಬೇಕು, ಸರಿ. ಆ ಸೂರ್ಯ ಹರಿಯಬೇಕೋ, ಗಟ್ಟಿಯಾಗಬೇಕೋ? ಮಗುಚದೆಯೇ ಮುಚ್ಚಳ ಮುಚ್ಚಿ ಹಳದಿಯನ್ನು ಗಟ್ಟಿ ಮಾಡಿ ಕೊಡಿ ಎನ್ನುವ ಗ್ರಾಹಕರು ನಮ್ಮ ಕೌಂಟರಿಗೆ ದಿನವೂ ಬರುತ್ತಾರೆ.

ನಮ್ಮ ದೇಶದ ಹೋಟೆಲು, ಗಾಡಿ, ಕ್ಯಾಂಟೀನುಗಳ ಜನ ಇಟ್ಟ ಹೆಸರುಗಳು ಬೇರೆ ಜಾತಿಯವು. ಹಾಫ್, ಫುಲ್. ಅರ್ಧ, ಪೂರ್ತಿ. ಇವು ಬೇಯುವುದನ್ನು ಅಳೆಯುತ್ತವೆ. ಮುಂಬಯಿ ಪುಣೆಗಳ ಇರಾನಿ ಹೋಟೆಲಿಗೆ ಹೋಗಿ ಹಾಫ್ ಫ್ರೈ ಪಾವ್ ಎಂದರೆ ಹಳದಿ ಪಾವಿನಲ್ಲಿ ಒರೆಸಿ ತಿನ್ನುವಂತೆ ಇರುತ್ತದೆ, ಫುಲ್ ಫ್ರೈ ಎಂದರೆ ಮಗುಚಿ ಗಟ್ಟಿ ಮಾಡಿದ್ದು. ಮಾಣಿ ಕೂಗುವುದು ಎರಡೇ ಮಾತು, ಭಟ್ಟಿಯವನಿಗೆ ಅರ್ಥವಾಗುವುದು ಪೂರಾ ಪಾಕ. ಇದನ್ನು ತಪ್ಪು ಇಂಗ್ಲಿಷ್ ಎನ್ನುವುದು ಸರಿಯೇ? ಇದು ಇಂಗ್ಲಿಷೇ ಅಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಇಂಗ್ಲಿಷಿನಿಂದ ಎರವಲು ತಂದ ಎರಡು ಶಬ್ದಗಳಲ್ಲಿ ಕಟ್ಟಿದ ನಮ್ಮ ಹೋಟೆಲು ಭಾಷೆ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಮೆಟ್ರಿಕ್ ಮಾಡಿದ ಮುಂಬಯಿಯ ನಮ್ಮ ಹಿರಿಯರು ಬದುಕಿದ್ದು ಆ ಭಾಷೆಯಲ್ಲಿಯೇ.

ಇನ್ನು ಚೆನ್ನೈಯ ಹಾಫ್ ಬಾಯ್ಲ್. ನೀರೇ ಇಲ್ಲದ ಮೇಲೆ ಬಾಯ್ಲ್ ಎಲ್ಲಿಂದ ಬಂತು ಎಂದು ನಾವೂ ಬಹಳ ದಿನ ನಗುತ್ತಿದ್ದೆವು. ಪೆಟ್ಟು ತಿಂದ ಮೇಲೆ ಕೂತು ಯೋಚಿಸಿದಾಗ ಅದಕ್ಕೂ ಒಂದು ನ್ಯಾಯ ಕಂಡಿತು. ಕನ್ನಡದಲ್ಲಿ ನಾವು ಬೇಯಿಸು ಎನ್ನುತ್ತೇವೆ. ಅಕ್ಕಿ ನೀರಿನಲ್ಲಿ ಬೇಯುತ್ತದೆ, ಇಡ್ಲಿ ಹಬೆಯಲ್ಲಿ ಬೇಯುತ್ತದೆ, ದೋಸೆ ಕಾವಲಿಯ ಮೇಲೆ ಬೇಯುತ್ತದೆ. ದೋಸೆ ಸರಿಯಾಗಿ ಬೆಂದಿಲ್ಲ ಎಂದು ಗ್ರಾಹಕ ವಾಪಸು ಕಳಿಸಿದರೆ ಅದನ್ನು ಯಾರೂ ನೀರಿಗೆ ಹಾಕುವುದಿಲ್ಲವಷ್ಟೆ! ತಮಿಳಿನಲ್ಲಿಯೂ ಹಾಗೆಯೇ, ಅದೇ ಧಾತು. ಅವರ ವಾಳೈ ನಮಗೆ ಬಾಳೆ, ಅವರ ವಳೈ ನಮಗೆ ಬಳೆ, ಅವರ ವೆಲ್ಲಂ ನಮಗೆ ಬೆಲ್ಲ. ಅವರು ವೇಗುವುದು ಎಂದರೆ ನಮಗೆ ಬೇಯುವುದು. ಅರ್ಧ ಬೆಂದದ್ದು, ಪೂರ್ತಿ ಬೆಂದದ್ದು ಎಂಬ ಮನಸ್ಸಿನ ಮಾತಿಗೆ ಇಂಗ್ಲಿಷಿನ ಅಂಗಿ ತೊಡಿಸುವಾಗ ಬೇಯುವುದಕ್ಕೆ ಬಾಯ್ಲ್ ಎಂದು ಹಾಕಿರಬೇಕು ಎಂಬುದು ನಮ್ಮ ಊಹೆ. ಪಂಡಿತರು ಒಪ್ಪದಿದ್ದರೆ ಬಿಡಲಿ. ಆದರೆ ಕನ್ನಡಿಗ ಕೇಟರರಿಗೆ ಅದನ್ನು ನೋಡಿ ನಗುವ ಹಕ್ಕಿಲ್ಲ. ಭಾಷೆಯ ಲೆಕ್ಕದಲ್ಲಿ ಅದು ನಮ್ಮ ದಾಯಾದಿಯ ಮಾತು. ತಮಿಳುನಾಡಿನ ಪರೋಟ ಅಂಗಡಿಗಳಲ್ಲಿ ಕೊಡುವ ಕಲಕ್ಕಿಯನ್ನು ನೋಡಿ. ಮೊಟ್ಟೆಯನ್ನು ಮಸಾಲೆಯ ಜೊತೆ ಕಲಕಿ ಕಾವಲಿಗೆ ಹಾಕಿ, ಒಳಗೆ ಇನ್ನೂ ಲೋಳೆಯಂತೆ ಇರುವಾಗಲೇ ಮಡಿಸಿ ತೆಗೆಯುವುದು. ಹೆಸರಿನಲ್ಲಿಯೇ ಪಾಕವಿಧಾನ ಇದೆ, ನಮಗೆ ತರ್ಜುಮೆಯೂ ಬೇಡ.

ಪೋಚ್ ಎಂಬುದರ ಗೊಂದಲ ಇನ್ನೊಂದು. ಪಾಶ್ಚಾತ್ಯ ಅಡುಗೆಯ ಪುಸ್ತಕದ ಪ್ರಕಾರ ಪೋಚ್ ಎಂದರೆ ಚಿಪ್ಪು ಒಡೆದ ಮೊಟ್ಟೆಯನ್ನು ಮೆಲ್ಲಗೆ ಕುದಿಯುವ ನೀರಿಗೆ ಇಳಿಸುವುದು. ಮೂಲ ಫ್ರೆಂಚ್ ಶಬ್ದದ ಅರ್ಥ ಚೀಲ. ಹಳದಿಯ ಸುತ್ತ ಬಿಳಿ ಲೋಳೆ ಚೀಲದಂತೆ ಕಟ್ಟಿಕೊಳ್ಳುವುದರಿಂದ ಆ ಹೆಸರು. ಆದರೆ ಬಂಗಾಳದಲ್ಲಿ ಪೋಚ್ ಎಂದರೆ ಎಣ್ಣೆಯಲ್ಲಿ ಕರಿದ ಬುಲ್ಸ್‌ಐ. ನೀರಿನದು ಬೇಕಾದರೆ ಅವರು ವಾಟರ್ ಪೋಚ್ ಎಂದು ಬೇರೆಯಾಗಿ ಕೇಳುತ್ತಾರೆ. ಇದು ನಮಗೇಕೆ ಎನ್ನಬೇಡಿ. ಇಂದು ಮುಂಬಯಿ, ಪುಣೆ, ಹೈದರಾಬಾದಿನ ನಮ್ಮ ಎಷ್ಟು ಅಡುಗೆಮನೆಗಳಲ್ಲಿ ಕುಂದಾಪುರ, ಕಾರ್ಕಳದ ಹುಡುಗರಿದ್ದಾರೆ? ಊರಿನ ಹುಡುಗರು ಓದಿ ಬೇರೆ ಕೆಲಸ ಹಿಡಿದರು, ಸಂತೋಷ. ಅವರ ಜಾಗದಲ್ಲಿ ಒಡಿಶಾ, ಬಂಗಾಳ, ಜಾರ್ಖಂಡ್, ನೇಪಾಳದ ಹುಡುಗರು ಸಟ್ಟುಗ ಹಿಡಿದಿದ್ದಾರೆ. ಪಾರ್ಟಿಯವರು ಪಂಚತಾರಾ ಮಾತಿನಲ್ಲಿ ಪೋಚ್ಡ್ ಎಗ್ ಎನ್ನುತ್ತಾರೆ, ಕೋಲ್ಕತ್ತಾ ಕಡೆಯ ಹುಡುಗ ಎಣ್ಣೆ ಕಾಯಿಸುತ್ತಾನೆ. ತಪ್ಪು ಯಾರದು?

ಡಬಲ್ ಎಂಬ ಶಬ್ದವನ್ನಂತೂ ನಾವು ನಮ್ಮ ಚೀಟಿಯಿಂದ ಹೊರಗೇ ಹಾಕಿದ್ದೇವೆ. ಮುಂಬಯಿಯಲ್ಲಿ ಡಬಲ್ ಹಾಫ್ ಫ್ರೈ ಎಂದರೆ ಎರಡು ಮೊಟ್ಟೆಯದು. ಆದರೆ ಎರಡೂ ಮಗ್ಗುಲು ಬೇಯಿಸಿದ್ದು ಎಂದು ತಿಳಿದ ಹುಡುಗರನ್ನು ನಾವು ನೋಡಿದ್ದೇವೆ, ಹಾಗೆಯೇ ತಿಳಿದು ಆರ್ಡರು ಕೊಟ್ಟ ಗ್ರಾಹಕರನ್ನೂ ನೋಡಿದ್ದೇವೆ. ಒಂದು ಮೊಟ್ಟೆಯ ಲೆಕ್ಕದಲ್ಲಿ ದರ ಒಪ್ಪಿ ಎರಡು ಕೊಟ್ಟರೆ ನಷ್ಟ ಯಾರಿಗೆಂದು ಹೇಳಬೇಕೇ? ಮೊಟ್ಟೆಯ ಸಗಟು ದರ ಊರೂರಿಗೆ, ದಿನದಿನಕ್ಕೆ ಬೇರೆಯಾಗುವ ಈ ಕಾಲದಲ್ಲಿ ನೂರೈವತ್ತು ಜನರ ತಿಂಡಿಗೆ ನೂರೈವತ್ತು ಮೊಟ್ಟೆ ಹೆಚ್ಚು ಹೋಗುವುದು ಸಣ್ಣ ಮಾತಲ್ಲ.

ಹಾಗಾದರೆ ಒಂದೇ ಹೆಸರು ಇರಲಿ ಎಂಬ ತರುಣರ ವಾದದಲ್ಲಿ ತಪ್ಪೇನು ಎನ್ನಬಹುದು. ತಪ್ಪು ಇಷ್ಟೇ. ಹೆಸರು ಗ್ರಾಹಕರದು, ನಮ್ಮದಲ್ಲ. ಚೆನ್ನೈಯಲ್ಲಿ ಬೋರ್ಡಿನ ಮೇಲೆ ಸನ್ನಿ ಸೈಡ್ ಅಪ್ ಎಂದು ಬರೆದರೆ ಕಂಪನಿಯ ಡೈರೆಕ್ಟರರು ಬಂದು ತಿನ್ನುತ್ತಾರೆ. ಡ್ರೈವರು, ಸೆಕ್ಯುರಿಟಿಯವರು, ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕರು ಅದೇನೋ ದೊಡ್ಡವರ ತಿಂಡಿ ಎಂದು ಇಡ್ಲಿಯ ಕಡೆ ಹೋಗುತ್ತಾರೆ. ಹೀಗೆ ಹೋದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರಿಗೆ ಬೇಕಾದದ್ದೇ ಅಲ್ಲಿ ಇತ್ತು, ಹೆಸರು ಅವರದಾಗಿರಲಿಲ್ಲ. ಶುದ್ಧ ಶಾಕಾಹಾರಿ ಸದಸ್ಯರು ಇದನ್ನು ನಮ್ಮ ವಿಷಯವಲ್ಲ ಎಂದು ಬದಿಗಿಡಬೇಡಿ. ಮುಂಬಯಿಯ ಕೌಂಟರಿನಲ್ಲಿ ನೀವು ಕೇಸರಿಬಾತ್ ಎಂದು ಬರೆಯುವುದಿಲ್ಲ, ಶಿರಾ ಎಂದೇ ಬರೆಯುತ್ತೀರಿ. ಅದೇ ನ್ಯಾಯ ಮೊಟ್ಟೆಗೂ ಇರಲಿ. ಅಷ್ಟಕ್ಕೂ ಮೊಟ್ಟೆ ಎಂಬ ಶಬ್ದಕ್ಕೇ ನಮ್ಮಲ್ಲಿ ಒಮ್ಮತವಿದೆಯೇ? ಧಾರವಾಡದ ಕಡೆಯವರಿಗೆ ತತ್ತಿ, ತುಳುವರಿಗೆ ತೆತ್ತಿ, ಕೊಂಕಣಿಗರಿಗೆ ತಾಂತಿ. ಒಂದೇ ಪಂಕ್ತಿಯಲ್ಲಿ ಕೂತು ಎಲ್ಲರೂ ತಿಂದೆದ್ದು ಹೋಗುತ್ತಾರೆ.

ಬೋರ್ಡಿನ ಮೇಲೆ ಊರಿನ ಹೆಸರು ಇರಲಿ. ಚೀಟಿಯಲ್ಲಿ ಮಾತ್ರ ಹೆಸರನ್ನು ನಂಬಬೇಡಿ, ಮಾಡುವ ಕ್ರಮ ಬರೆಯಿರಿ ಎಂಬುದು ನಮ್ಮ ವಾದ. ಆರ್ಡರು ತೆಗೆದುಕೊಳ್ಳುವಾಗ ಪಾರ್ಟಿಯವರನ್ನು ಚಿಪ್ಪಿನಲ್ಲಿಯೋ ಒಡೆದೋ, ಒಡೆದರೆ ಮಗುಚಬೇಕೋ ಬೇಡವೋ, ಹಳದಿ ಹರಿಯಬೇಕೋ ಗಟ್ಟಿಯಾಗಬೇಕೋ, ತಲೆಗೆ ಒಂದೋ ಎರಡೋ ಎಂದು ಕೇಳಲು ಒಂದು ನಿಮಿಷವೂ ಬೇಡ. ಕೇಳಿದರೆ ಇವರಿಗೆ ಏನೂ ಗೊತ್ತಿಲ್ಲ ಎಂದುಕೊಂಡಾರು ಎಂಬ ಸಂಕೋಚ ನಮ್ಮನ್ನೂ ಕಾಡುತ್ತಿತ್ತು. ಈಗ ಇಲ್ಲ. ಬದಲಾಗಿ, ಇಷ್ಟು ವಿಚಾರಿಸುವವರು ಕೆಲಸವನ್ನೂ ಸರಿಯಾಗಿ ಮಾಡುತ್ತಾರೆ ಎಂದು ಪಾರ್ಟಿಯವರೇ ಹೇಳಿದ್ದುಂಟು. ನಮ್ಮ ಚೀಟಿಯಲ್ಲಿ ಈಗ ಹೀಗೆ ಇರುತ್ತದೆ: ‘ಹಾಫ್ ಬಾಯ್ಲ್, ಕಾವಲಿಯಲ್ಲಿ, ಮಗುಚದೆ, ಹಳದಿ ಹರಿಯುವಂತೆ, ತಲೆಗೆ 1.’ ಕನ್ನಡ ಓದಲು ಬಾರದ ಹುಡುಗರಿಗೆ ಬಾಯಿಯಲ್ಲಿ ಹೇಳಿ, ಮರಳಿ ಅವರ ಬಾಯಿಯಿಂದ ಹೇಳಿಸುತ್ತೇವೆ. ಹಿಂದಿನ ರಾತ್ರಿಯೇ ಒಂದು ಮೊಟ್ಟೆ ಮಾಡಿಸಿ ನೋಡಿಬಿಟ್ಟರೆ ಇನ್ನೂ ಒಳ್ಳೆಯದು. ಅದರ ಫೋಟೋ ತೆಗೆದು ಪಾರ್ಟಿಯವರಿಗೆ ಕಳಿಸಿದರೆ ಜಗಳಕ್ಕೆ ಜಾಗವೇ ಇಲ್ಲ.

ಹಳದಿಯ ಸಂಗತಿ ಬರೀ ರುಚಿಯದಲ್ಲ. ಅರ್ಧ ಬೆಂದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಉಳಿಯುವ ಅಪಾಯವಿದೆ. ಮೊಟ್ಟೆಯ ಹಳದಿ ಸುಮಾರು 65 ಡಿಗ್ರಿಗೆ ದಪ್ಪಗಾಗತೊಡಗಿ 70 ಡಿಗ್ರಿಯ ಹೊತ್ತಿಗೆ ಗಟ್ಟಿಯಾಗುತ್ತದೆ. ಹರಿಯುವ ಹಳದಿ ಎಂದರೆ ಅಷ್ಟು ಬಿಸಿ ಅದಕ್ಕೆ ತಾಗಿಲ್ಲವೆಂದೇ ಅರ್ಥ. ಹಸಿ ಮೊಟ್ಟೆಯ ಮಯೊನೀಸನ್ನು ಕೇರಳದಲ್ಲಿ 2023ರ ಜನವರಿಯಲ್ಲಿ, ತೆಲಂಗಾಣದಲ್ಲಿ 2024ರ ಅಕ್ಟೋಬರಿನಲ್ಲಿ, ತಮಿಳುನಾಡಿನಲ್ಲಿ 2025ರ ಏಪ್ರಿಲಿನಲ್ಲಿ ನಿಷೇಧಿಸಿದ್ದು ಸದಸ್ಯರಿಗೆ ನೆನಪಿರಬಹುದು. ತೆಲಂಗಾಣ, ತಮಿಳುನಾಡುಗಳ ಆದೇಶ ಒಂದು ವರ್ಷದ ಅವಧಿಯದು. ಅವು ಮಯೊನೀಸ್ ಕುರಿತಾದ ಆದೇಶಗಳು, ಹಾಫ್ ಫ್ರೈ ಕುರಿತಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಅಷ್ಟು ಸಾಕು. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಸಮಾರಂಭದಲ್ಲಿ ಹಳದಿ ಗಟ್ಟಿಯಾದದ್ದನ್ನೇ ಕೊಡುವುದು ಕ್ಷೇಮ. ಹಾಫ್ ಎಂದು ಬರೆದುಕೊಂಡು ಬಂದ ಪಾರ್ಟಿಗೂ ಇದನ್ನು ಮೊದಲೇ ಹೇಳಿ. ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೆಸರಿನ ಅರ್ಥ ಏನಿತ್ತು ಎಂದು ಯಾರೂ ಕೇಳುವುದಿಲ್ಲ, ಕೇಟರರು ಯಾರು ಎಂದು ಕೇಳುತ್ತಾರೆ.

ಇನ್ನೊಂದು ಮಾತು, ಹೊಸಬರಿಗೆ. ಹಾಫ್ ಫ್ರೈಯನ್ನು ಮುಂಚೆ ಮಾಡಿ ಬುಫೆಯ ಬಿಸಿ ಪಾತ್ರೆಯಲ್ಲಿ ಇಡಲು ಹೋಗಬೇಡಿ. ಕೆಳಗಿನ ಬಿಸಿಗೆ ಅದು ಕೂತಲ್ಲೇ ಬೇಯುತ್ತಾ ಹೋಗುತ್ತದೆ, ಮೇಲೆ ಪೊರೆ ಕಟ್ಟುತ್ತದೆ, ಹಾಫ್ ಎಂದು ಇಟ್ಟದ್ದು ಕಾಲು ಗಂಟೆಯಲ್ಲಿ ಫುಲ್ ಆಗಿರುತ್ತದೆ. ಅದು ಎದುರಿಗೇ ಮಾಡಿಕೊಡುವ ಪದಾರ್ಥ. ದರ ಹೇಳುವಾಗ ಕಾವಲಿ, ಗ್ಯಾಸು, ಅಲ್ಲಿ ನಿಲ್ಲುವ ಒಬ್ಬ ಆಳು, ಇಷ್ಟನ್ನೂ ಸೇರಿಸಿ ಹೇಳಿ. ಮೊಟ್ಟೆಯನ್ನು ನೇರ ಕಾವಲಿಗೆ ಒಡೆಯದೆ ಮೊದಲು ಬಟ್ಟಲಿಗೆ ಒಡೆದುಕೊಂಡರೆ ಕೆಟ್ಟದ್ದೊಂದು ಬಂದರೂ ಪಕ್ಕದ ಏಳು ಹಾಳಾಗುವುದಿಲ್ಲ. ತಾಜಾ ಮೊಟ್ಟೆಯಾದರೆ ಬಿಳಿ ಒಟ್ಟಾಗಿ ನಿಲ್ಲುತ್ತದೆ, ಹಳೆಯದಾದರೆ ಕಾವಲಿಯ ತುಂಬ ಹರಿದು ಕಾಗದದಂತಾಗುತ್ತದೆ. ಬಿಳಿ ಮೇಲಿನಿಂದ ಬೇಯದೆ ಲೋಳೆ ಲೋಳೆ ಉಳಿದರೆ ಮಗುಚುವ ಬದಲು ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಹಾಕಿ, ಹಬೆ ಉಳಿದ ಕೆಲಸ ಮಾಡುತ್ತದೆ. ಉಪ್ಪು ಕೊನೆಯಲ್ಲಿ ಹಾಕಿ, ಮೊದಲೇ ಹಾಕಿದರೆ ಹಳದಿಯ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಮೊಟ್ಟೆಯ ಕಾವಲಿ ಮೊಟ್ಟೆಗೇ ಇರಲಿ, ಸಟ್ಟುಗವೂ ಬೇರೆ, ಒರೆಸುವ ಬಟ್ಟೆಯೂ ಬೇರೆ. ಚೆನ್ನೈಯಲ್ಲಿ ಆ ಗದ್ದಲದ ನಡುವೆಯೂ ದೋಸೆ ಕಾವಲಿಯನ್ನು ಕೊಡದೆ ನಿಂತ ನಮ್ಮ ಅಡುಗೆಯವರು ಅಂದು ನಮ್ಮ ಮಾನ ಉಳಿಸಿದರು. ಅದನ್ನು ಅರಿಯಲು ನಮಗೆ ಗುಂತಕಲ್ ತನಕ ಬೇಕಾಯಿತು.

ಅವರು ಈಗಲೂ ನಮ್ಮಲ್ಲಿಯೇ ಇದ್ದಾರೆ. ಅಂದು ಬೈದದ್ದಕ್ಕೆ ತಪ್ಪಾಯಿತು ಎಂದು ನಾವು ಹೇಳಿದ್ದು ಮುಂಬಯಿಗೆ ಬಂದ ಮೇಲೆ, ಎಲ್ಲ ಹುಡುಗರ ಮುಂದೆಯೇ. ಅವರು ನಾಚಿಕೊಂಡು ಒಳಗೆ ಹೋದರು. ಆದರೆ ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದಾರೆ. ಚೀಟಿ ಕೈಗೆ ಕೊಟ್ಟರೆ ಒಲೆ ಹಚ್ಚುವುದಿಲ್ಲ. “ಅಣ್ಣಾ, ಒಮ್ಮೆ ಓದಿ ಹೇಳಿ” ಎನ್ನುತ್ತಾರೆ. ನಾವು ಓದುತ್ತೇವೆ, ಇಡ್ಲಿಯಿಂದ ಹಿಡಿದು ಕಾಫಿಯ ತನಕ. ಬೆಳಗಿನ ಐದು ಗಂಟೆಗೆ ನಿದ್ದೆಗಣ್ಣಿನಲ್ಲಿ ಅದು ಸ್ವಲ್ಪ ಕಿರಿಕಿರಿಯೇ.

ಹೈದರಾಬಾದ್ ಮತ್ತು ದೆಹಲಿಯ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಕೌಂಟರುಗಳಲ್ಲಿ ಗ್ರಾಹಕರು ಇದನ್ನು ಏನೆಂದು ಕೇಳುತ್ತಾರೆ, ಆ ಹೆಸರಿಗೆ ನೀವು ಕೊಡುವ ಮೊಟ್ಟೆ ಹೇಗಿರುತ್ತದೆ, ಡಬಲ್ ಎಂದರೆ ನಿಮ್ಮಲ್ಲಿ ಎರಡು ಮೊಟ್ಟೆಯೋ ಎರಡು ಮಗ್ಗುಲೋ, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಎಲ್ಲ ಊರಿನದನ್ನೂ ಸೇರಿಸಿ ಅಡುಗೆಮನೆಯ ಗೋಡೆಗೆ ಅಂಟಿಸುವಂಥ ಒಂದು ಹಾಳೆ ಮಾಡಿಸಿ ಸದಸ್ಯರಿಗೆ ಕಳಿಸೋಣ.